ಘಾಟಿಯ ತಲೆಯಲ್ಲಿ ಇಳಿದವನು

ಹೋದ ತಿಂಗಳು ಕುಂದಾಪುರದಲ್ಲಿ ಕಣ್ಣು ತೋರಿಸಿಕೊಂಡು ಬಸ್ಸಿನಲ್ಲಿ ಹೊಸನಗರಕ್ಕೆ ಹಿಂತಿರುಗುತ್ತಿದ್ದೆ. ಹುಲಿಕಲ್ ಘಾಟಿಯ ನಡುವೆ ಕೆಳಗಿಳಿಯುತ್ತಿದ್ದ ಲಾರಿಯೊಂದು ನಮಗೆ ದಾರಿ ಬಿಡಲು ತಿರುವಿನಲ್ಲಿ ನಿಂತಿತು. ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಎಂತದೋ ಟಯರ್ ಸುಟ್ಟ ವಾಸ್ನೆ" ಎಂದರು. ಅದು ಟಯರಿನದಲ್ಲ, ಕಾದ ಬ್ರೇಕ್ ಪ್ಯಾಡಿನದು. ಸುಟ್ಟ ಕೂದಲಿಗೆ ಬಿಸಿ ಕಬ್ಬಿಣ ಬೆರೆತಂತೆ ಇರುತ್ತದೆ. ಅವರಿಗೆ ವಿವರಿಸುತ್ತ ಕೂರುವ ಮನಸ್ಸಾಗಲಿಲ್ಲ. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಂದು ಚಳಿಗಾಲ, ಮತ್ತು ನನ್ನ ಹೆಂಡತಿಯ ತಮ್ಮ ಉಮೇಶ.

ನಾನು ಸೈನ್ಯದ ವಾಹನ ದುರಸ್ತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನ್ನ ಊರು ಇಕ್ಕೇರಿಯ ಹತ್ತಿರ. ಆದರೆ ಗ್ಯಾರೇಜಿನ ಶೆಡ್ಡು ಹಾಕಿದ್ದು ಹೊಸನಗರದಲ್ಲಿ, ಹೆಂಡತಿ ಲಲಿತಾಳ ತವರಿನವರು ಕೊಟ್ಟ ಜಾಗದಲ್ಲಿ. ಉಮೇಶ ಆಗಷ್ಟೇ ಐಟಿಐ ಮುಗಿಸಿ ಬಂದಿದ್ದ. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ನಾನೇ ಕಲಿಸಿದೆ. ನಾನು ಹೇಳುತ್ತಿರುವ ಚಳಿಗಾಲದ ಹೊತ್ತಿಗೆ ಅವನು ಶೆಡ್ಡಿನಲ್ಲಿ ನನ್ನ ಪಾಲುದಾರ, ಎರಡು ಮಕ್ಕಳ ತಂದೆ. ಎಂಜಿನ್ನಿನ ಸದ್ದು ಕೇಳಿ ನಾನು ಹೇಳುತ್ತಿದ್ದುದನ್ನು ಅವನು ಲ್ಯಾಪ್‌ಟಾಪ್ ಜೋಡಿಸಿ ಹೇಳುತ್ತಿದ್ದ. ಹೆಚ್ಚು ಸಲ ಇಬ್ಬರ ಉತ್ತರವೂ ಒಂದೇ ಆಗಿರುತ್ತಿತ್ತು. ಒಂದೇ ಆಗದಿದ್ದರೆ ಮತ್ತೆ ಬಿಚ್ಚಿ ನೋಡುತ್ತಿದ್ದೆವು.

ಶೆಡ್ಡಿಗೆ ನಿಯಮಗಳಿದ್ದವು. ಉಪಕರಣ ತೆಗೆದ ಮೊಳೆಗೇ ವಾಪಸ್ ಹೋಗಬೇಕು. ನೆಲ ಗುಡಿಸದೆ ಬೀಗ ಹಾಕುವಂತಿಲ್ಲ. ಕೆಲಸದ ನಡುವೆ ಫೋನು ಇಲ್ಲ.

"ಇದೆಂತ ಭಾವ, ಮಿಲಿಟರಿ ಕ್ಯಾಂಪಾ?" ಎಂದು ಉಮೇಶ ಕೇಳುತ್ತಿದ್ದ.

"ಕ್ಯಾಂಪಲ್ಲಿ ಇಷ್ಟು ಮಾತಾಡೋ ಹಾಗಿಲ್ಲ. ಗುಡಿಸು."

ಎಲ್ಲಕ್ಕಿಂತ ದೊಡ್ಡ ನಿಯಮ ಬ್ರೇಕಿನದು. ಬ್ರೇಕ್ ಬಿಚ್ಚಿ ಕಟ್ಟಿದವನು ಆ ಗಾಡಿಯನ್ನು ಪರೀಕ್ಷೆಗೆ ಓಡಿಸಬಾರದು. ಓಡಿಸುವವನು ಬೇರೆಯವನಿರಬೇಕು. ಕಟ್ಟಿದವನು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ಘಾಟಿ ಇಳಿಯಬೇಕು. ಅವನೇ ಓಡಿಸಿದರೆ ತನ್ನ ಕೆಲಸದ ಕೊರತೆಯನ್ನು ತನಗೇ ಗೊತ್ತಿಲ್ಲದೆ ಕಾಲಿನಲ್ಲಿ ಸರಿದೂಗಿಸಿಬಿಡುತ್ತಾನೆ. ಪಕ್ಕದ ಸೀಟಿನಲ್ಲಿ ಪೆಡಲ್ ಇಲ್ಲ. ಅಲ್ಲಿ ಕೂತವನ ಬಳಿ ಇರುವುದು ತಾನು ಮಾಡಿದ ಕೆಲಸ ಮಾತ್ರ. ಈ ಪದ್ಧತಿ ಸುತ್ತಲಿನವರಿಗೆಲ್ಲ ಗೊತ್ತಿತ್ತು. ರಿಪ್ಪನ್‌ಪೇಟೆಯ ಅಡಿಕೆ ವ್ಯಾಪಾರಿಗಳು ಪಿಕಪ್ ತೆಗೆದುಕೊಂಡು ಹೋಗಲು ಬಂದರೆ ಬಿಲ್ಲು ಕೇಳುವ ಮೊದಲು, "ಘಾಟಿ ಇಳ್ಸಿದ್ರಾ?" ಎಂದು ಕೇಳುತ್ತಿದ್ದರು. ಇಳಿಸಿದ್ದೇವೆ ಎಂದರೆ ಮತ್ತೆ ಮಾತಿರಲಿಲ್ಲ.

ಆ ವರ್ಷ ಚಳಿ ಬೇಗ ಬಂತು. ಬೆಳಗಿನ ಮಂಜು ಶೆಡ್ಡಿನ ತಗಡಿನಿಂದ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ. ಮಧ್ಯಾಹ್ನವಾದರೆ ರಸ್ತೆಯ ಕೆಂಪು ಧೂಳು. ಅಂಥದೊಂದು ಬೆಳಿಗ್ಗೆ ಸುಹಾಸ್ ಎಂಬ ದಂತವೈದ್ಯರು ಕೆಂಪು ಕಾರಿನಲ್ಲಿ ಬಂದು ಇಳಿದರು. ತೀರ್ಥಹಳ್ಳಿಯಲ್ಲಿ ಅವರ ಕ್ಲಿನಿಕ್ಕು. ವಾರದಲ್ಲಿ ಕೆಲವು ದಿನ ಹೊಸನಗರಕ್ಕೂ ಬಂದು ಹೋಗುತ್ತಿದ್ದರು. ವಯಸ್ಸು ಮೂವತ್ತರ ಆಸುಪಾಸು, ಮಾತಿನಲ್ಲಿ ಮರ್ಯಾದಸ್ಥರು. ಕಾರಿನ ಹಿಂದಿನ ಸೀಟಿನಲ್ಲಿ ಹೊಸ ಗಾಲಿಗಳು ಕಂಬಳಿ ಹೊದ್ದು ಕೂತಿದ್ದವು.

ಅವು ಡ್ರ್ಯಾಗ್ ರೇಸಿನ ಗಾಲಿಗಳು. ನೇರ ರಸ್ತೆಯಲ್ಲಿ ಸ್ವಲ್ಪವೇ ದೂರ ಯಾರು ಮೊದಲು ಮುಟ್ಟುತ್ತಾರೆ ಎಂಬುದು ಆ ಪಂದ್ಯ. ಹೊರಡುವಾಗ ನೆಲವನ್ನು ಕಚ್ಚಿ ಹಿಡಿಯಲೆಂದು ಗಾಲಿಯ ರಿಮ್ಮು ಚಿಕ್ಕದು, ಟಯರು ದಪ್ಪ ಮತ್ತು ಮೆತ್ತಗೆ. ಸಂಕ್ರಾಂತಿ ಕಳೆದ ಮೇಲೆ ಬಯಲುಸೀಮೆಯ ಕಡೆ ಎಲ್ಲೋ ಪಂದ್ಯವಿತ್ತು. ಡಾಕ್ಟರು ಅದೇ ಗಾಲಿಯಲ್ಲಿ ರಸ್ತೆಯಲ್ಲೇ ಹೋಗಿ, ಓಡಿಸಿ, ಅದೇ ಗಾಲಿಯಲ್ಲಿ ಮನೆಗೆ ಬರಬೇಕೆಂದಿದ್ದರು.

ಮುಂದಿನ ಗಾಲಿ ಬಿಚ್ಚಿ ಹೊಸದನ್ನು ಹಿಡಿದು ನೋಡಿದೆವು. ಕೂರಲಿಲ್ಲ. ಗಾಲಿಯ ಒಳಮೈ ಕ್ಯಾಲಿಪರ್‌ಗೆ ತಾಗುತ್ತಿತ್ತು. ಬ್ರೇಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಕಬ್ಬಿಣದ ಹಿಡಿಗೆ ಕ್ಯಾಲಿಪರ್ ಎನ್ನುತ್ತಾರೆ. ಉಮೇಶ ಮಂಡಿಯೂರಿ ಸಂದಿಗೆ ಬೆರಳು ಹಾಕಿ ನೋಡಿದ.

"ಜಾಸ್ತಿ ಇಲ್ಲ ಭಾವ. ಹೊರಗಡೆ ಮೈ ಉಗುರಿನಷ್ಟು ಉಜ್ಜಿದ್ರೆ ಕೂರ್ತದೆ. ಎಲ್ಲರೂ ಹಂಗೇ ಮಾಡ್ತಾರೆ."

ನಾನು ಡಾಕ್ಟರ ಕಡೆ ತಿರುಗಿದೆ. "ಡಾಕ್ಟ್ರೇ, ನಿಮ್ಮ ಹಲ್ಲು ಕೀಳೋ ಇಕ್ಳ ತಂದ್ಕೊಡಿ. ಅದರ ಕೀಲು ಉಗುರಿನಷ್ಟು ಉಜ್ಜಿ ಕೊಡ್ತೀನಿ. ನಾಳೆ ದವಡೆ ಹಲ್ಲು ಕೀಳ್ತೀರಾ?"

ಅವರು ನಕ್ಕರು. "ಅದೆಂಗಾಗ್ತದೆ ಸರ್?"

"ಇದೂ ಹಂಗೇ ಆಗೋದಿಲ್ಲ."

ಆಮೇಲೆ ಬಿಡಿಸಿ ಹೇಳಿದೆ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ತಟ್ಟೆಯನ್ನು ಒತ್ತುತ್ತದೆ, ಅದೇ ಬಲದಲ್ಲಿ ತಟ್ಟೆ ಕ್ಯಾಲಿಪರ್ ಬಾಯನ್ನು ಅಗಲಿಸಲು ನೋಡುತ್ತದೆ. ಬಾಯಿ ಅಗಲದಂತೆ ತಡೆಯುವುದು ಮೇಲಿನ ಸೇತುವೆಯಂಥ ಭಾಗ. ಉಜ್ಜಲು ಹೊರಡುವುದು ಅದನ್ನೇ. ರೇಸಿನಲ್ಲಿ ಬ್ರೇಕ್ ಒತ್ತುವುದು ಕೊನೆಗೆ ಒಂದು ಸಲ, ಎದುರಿಗೆ ಖಾಲಿ ರಸ್ತೆ. ನಮ್ಮ ಕಡೆ ಘಾಟಿಯಲ್ಲಿ ತಿರುವು ತಿರುವಿಗೂ ಒತ್ತಬೇಕು. ಕಬ್ಬಿಣ ಕಾಯುತ್ತದೆ, ತೆಳ್ಳಗಿನದು ಬಾಗುತ್ತದೆ, ಬಾಗಿ ಬಾಗಿ ಬಿರುಕು ಬಿಡುತ್ತದೆ. ಬಿರುಕು ಎಣ್ಣೆ ಹರಿಯುವ ದಾರಿಗೆ ಮುಟ್ಟಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಇದು ಮುಂದಿನ ಗಾಲಿ ಬೇರೆ. ಕಾರು ನಿಲ್ಲುವುದು ಹೆಚ್ಚಾಗಿ ಮುಂದಿನ ಬ್ರೇಕಿನಿಂದಲೇ.

"ಒಳಗೆ ಜಾಗ ಇರೋ ಬೇರೆ ಗಾಲಿ ತನ್ನಿ. ಇಲ್ಲಾ ಈ ಕಾರಿನ ತೂಕಕ್ಕೆ ಅಂತ್ಲೇ ಮಾಡಿರೋ ಚಿಕ್ಕ ಬ್ರೇಕ್ ಕಿಟ್ ತರಿಸಿ. ಉಜ್ಜೋ ಕೆಲಸ ಈ ಶೆಡ್ಡಲ್ಲಿ ಇಲ್ಲ," ಎಂದೆ.

ಡಾಕ್ಟರು ಒಪ್ಪಿದರು. ಉಮೇಶನೂ ಒಪ್ಪಿದ. ಕಿಟ್ ಹುಡುಕಿ ತರಿಸಿದ್ದು ಅವನೇ. ಡಬ್ಬಿ ಬಂದ ದಿನ ನನ್ನೆದುರಿಗೇ ಒಡೆದ. ಚಿಕ್ಕ ತಟ್ಟೆ, ಚಿಕ್ಕ ಕ್ಯಾಲಿಪರ್, ಅದಕ್ಕೆ ತಕ್ಕ ಬೋಲ್ಟುಗಳು. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿದೆ. ಒಳ್ಳೆಯ ಮಾಲು. "ಕಟ್ಟು," ಎಂದು ಹೇಳಿ, ಹಳೆಯ ಮನೆಯ ಹಂಚಿನ ಮಾಡು ಸರಿಮಾಡಿಸುವುದಕ್ಕೆ ಇಕ್ಕೇರಿಗೆ ಹೋದೆ.

ವಾರ ಕಳೆದು ಬರುವಾಗ ಕೆಂಪು ಕಾರು ಹೊಸ ಗಾಲಿಗಳ ಮೇಲೆ ನಿಂತಿತ್ತು. ಮುಂದಿನ ಗಾಲಿಗಳ ಸಂದಿಯಲ್ಲಿ ಹೊಸ ಬಣ್ಣ ಹೊಳೆಯುತ್ತಿತ್ತು.

"ಕಿಟ್ ಸರಿಯಾಗಿ ಕೂತ್ಕೊಳ್ತಾ?"

"ಕೂತ್ಕೊಳ್ತು ಭಾವ."

ಅವನು ಆಗ ಬೇರೊಂದು ಗಾಡಿಯ ಕೆಳಗೆ ಮಲಗಿದ್ದ. ಮುಖ ಕಾಣಲಿಲ್ಲ. ಅವನು ಹೇಳಿದ ಮೇಲೂ ಗಾಲಿ ಬಿಚ್ಚಿಸಿ ನೋಡುವ ಕ್ರಮ ನಮ್ಮಲ್ಲಿ ಇರಲಿಲ್ಲ. ಅದಕ್ಕಾಗಿಯೇ ಪಕ್ಕದ ಸೀಟಿನ ನಿಯಮ ಇದ್ದದ್ದು.

ಮರುದಿನ ಬೆಳಿಗ್ಗೆ ಘಾಟಿ ಇಳಿಸುವುದೆಂದಾಯಿತು. ಹೊರಡುವ ಹೊತ್ತಿಗೆ ಲಲಿತಾ ಕೈಚೀಲ ಹಿಡಿದು ಶೆಡ್ಡಿಗೆ ಬಂದಳು. ಮಗಳ ಮನೆ ಘಾಟಿಯ ಕೆಳಗೆ, ಸಿದ್ದಾಪುರದಲ್ಲಿ. ಹೇಗೂ ಕೆಳಗೆ ಹೋಗುತ್ತೀರಲ್ಲ, ನನ್ನನ್ನೂ ಬಿಟ್ಟು ಬನ್ನಿ ಎಂದಳು. ಉಮೇಶ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ.

"ಅಕ್ಕ ಬಸ್ಸಿಗೆ ಹೋಗ್ಲಿ ಭಾವ. ಟ್ರಯಲ್ ಗಾಡಿ ಅಲ್ದಾ."

"ಬಸ್ಸಲ್ಲಿ ನೂಕಾಡ್ಕಂಡು ಹೋಗ್ಲಾ ನಾನು?" ಎಂದಳು ಲಲಿತಾ. "ಮೇಸ್ತ್ರಿಗಳು ಇಬ್ರೂ ಜೊತೆಗಿದೀರಿ. ಇನ್ನೆಂತ ಆಗ್ಬೇಕು ನಂಗೆ?"

ಅವಳು ಹಿಂದೆ ಕೂತಳು. ಅವನು ನಿಯಮದಂತೆ ಮುಂದೆ, ನನ್ನ ಪಕ್ಕ.

ನಗರ, ಮಾಸ್ತಿಕಟ್ಟೆ ಊರುಗಳನ್ನು ದಾಟಿದೆವು. ಸಣ್ಣ ಪುಟ್ಟ ಇಳಿಜಾರುಗಳಲ್ಲಿ ಬ್ರೇಕ್ ಹಿಡಿಯಿತು. ಪೆಡಲ್ ಸ್ವಲ್ಪ ಮೆತ್ತಗೆ ಅನಿಸಿತು. ಹೊಸ ಪ್ಯಾಡು ಪಳಗಬೇಕು ಎಂದುಕೊಂಡೆ. ಘಾಟಿಯ ತಲೆಯಲ್ಲಿ ಅಮ್ಮನ ಗುಡಿಯಿದೆ. ಇಳಿಯುವ ಗಾಡಿಗಳೆಲ್ಲ ಅಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ನಾವೂ ನಿಲ್ಲಿಸಿದೆವು. ಉಮೇಶ ಇಳಿದು ಕೈಮುಗಿದು ಬಂದ. ಬಾನೆಟ್ಟಿಗೆ ಕುಂಕುಮ ಹಚ್ಚಿದ. ಆಮೇಲೆ ಒಳಗೆ ಕೂರದೆ ಬಾಗಿಲ ಹತ್ತಿರ ನಿಂತ.

"ಭಾವ, ನಾನು ಇಲ್ಲೇ ಇಳ್ಕಂತೀನಿ. ಮಾಸ್ತಿಕಟ್ಟೇಲಿ ಒಂದು ಪಿಕಪ್ ನೋಡ್ಬೇಕಂತೆ, ಫೋನ್ ಬಂದಿತ್ತು."

"ಘಾಟಿ ಇಳಿದು ಬಂದು ನೋಡು. ಪಿಕಪ್ ಎಲ್ಲಿಗೆ ಹೋಗ್ತದೆ?"

"ಪಾರ್ಟಿ ಕಾಯ್ತಿದಾರೆ ಭಾವ. ಇಲ್ಲಿವರೆಗೆ ಕೂತಿದ್ನಲ್ಲ, ಬ್ರೇಕ್ ಹೆಂಗಿದೆ ಅಂತ ನೀವೇ ನೋಡಿದ್ರಲ್ಲ."

ನನಗೆ ಸಿಟ್ಟು ಬಂತು. ಹಿಂದಿನಿಂದ ಲಾರಿಯವನು ಹಾರನ್ ಹೊಡೆಯುತ್ತಿದ್ದ. "ಹೋಗ್ಲಿ ಬಿಡಿ, ಪಾಪ, ಅವ್ನ ಗಿರಾಕಿ ಅವ್ನು ನೋಡ್ಕಳ್ಳಿ," ಎಂದಳು ಲಲಿತಾ. ಉಮೇಶ ಹಿಂದಿನ ಬಾಗಿಲು ತೆಗೆದ.

"ಮುಂದೆ ಬಾ ಅಕ್ಕ. ಹಿಂದೆ ಕೂತ್ರೆ ತಿರುವಿಗೆ ವಾಂತಿ ಬರ್ತದೆ ನಿಂಗೆ."

ಅವಳು ಮುಂದೆ ಬಂದು ಕೂತಳು. ಅವನು ಬಾಗಿಲು ಹಿಡಿದು ನಿಂತು, ಹೊರಗೆ ಉಳಿದಿದ್ದ ಸೀರೆಯ ಅಂಚನ್ನು ಒಳಗೆ ಸೇರಿಸಿ, ಮೆಲ್ಲಗೆ ಮುಚ್ಚಿದ. ಆಮೇಲೆ ಕಿಟಕಿಗೆ ಬಗ್ಗಿ ನನಗೆ ಹೇಳಿದ:

"ಭಾವ, ಗೇರಲ್ಲೇ ಇಳೀರಿ. ಬ್ರೇಕ್ ಜಾಸ್ತಿ ಒತ್ಬೇಡಿ. ಪ್ಯಾಡ್ ಹೊಸದಲ್ವಾ."

ಸರಿಯಾದ ಸಲಹೆ. ನಾನೇ ಕಲಿಸಿದ್ದು.

ಮೊದಲ ತಿರುವುಗಳು ಸುಸೂತ್ರವಾಗಿ ಕಳೆದವು. ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ. ಮೇಲೇರುವ ಬಸ್ಸುಗಳು ಸಾಲಾಗಿ ಬಂದವು. ಮತ್ತೆ ಮತ್ತೆ ಒತ್ತಬೇಕಾಯಿತು. ಆಗ ಎಡಗಡೆ ಮುಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು. ವಾಸನೆ ಬಂತು.

"ಎಂತ ಸದ್ದದು?" ಎಂದು ಲಲಿತಾ ಕೇಳಿದಳು.

ಉತ್ತರ ಕೊಡುವ ಮೊದಲೇ ಪೆಡಲ್ ನನ್ನ ಕಾಲಡಿಯಲ್ಲಿ ಇಳಿದುಹೋಯಿತು. ಪೂರ್ತಿ ಖಾಲಿಯಾಗಲಿಲ್ಲ, ಕೆಳಗೆಲ್ಲೋ ಅರ್ಧ ಬ್ರೇಕ್ ಉಳಿದಿತ್ತು. ಮುಂದೆ ತಿರುವು, ಆಚೆ ಕಣಿವೆ. "ಗಟ್ಟಿ ಹಿಡ್ಕಾ," ಎಂದೆ. ಮೊದಲನೇ ಗೇರಿಗೆ ಎಳೆದೆ. ಎಂಜಿನ್ ಕಿರುಚಿತು. ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ, ಗುಡ್ಡದ ಕಡೆಯ ಚರಂಡಿಗೆ ಗಾಲಿ ಇಳಿಸಿದೆ. ಕಾರು ಜಂಬಿಟ್ಟಿಗೆ ಕಲ್ಲಿನ ಗೋಡೆಯನ್ನು ಉದ್ದಕ್ಕೂ ಕೆರೆಯುತ್ತ ಹೋಗಿ, ಕುಲುಕಿ, ನಿಂತಿತು.

ಡ್ಯಾಶ್‌ಬೋರ್ಡಿಗೆ ಕೈ ಊರಿದ್ದ ಲಲಿತಾಳ ಬಲಗೈ ಮಣಿಕಟ್ಟು ಮುರಿದಿತ್ತು. ಅವಳನ್ನು ಮೆಲ್ಲಗೆ ಇಳಿಸಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿದೆ. ಹಿಂದೆ ಬಂದ ಜೀಪಿನವರು ನೀರು ಕೊಟ್ಟರು. ನಾನು ಬಗ್ಗಿ ಮುಂದಿನ ಎಡಗಡೆ ಗಾಲಿಯ ಒಳಗೆ ನೋಡಿದೆ.

ಚಿಕ್ಕ ಕ್ಯಾಲಿಪರ್ ಅಲ್ಲಿ ಇರಲಿಲ್ಲ. ಕಾರಿನ ಜೊತೆ ಬಂದ ಹಳೆಯದೇ ಇತ್ತು. ಸೇತುವೆಯ ಭಾಗವನ್ನು ಗ್ರೈಂಡರಿನಲ್ಲಿ ಚಪ್ಪಟೆಯಾಗಿ ಕೆತ್ತಿ, ಮೇಲೆ ಬಣ್ಣ ಬಳಿದಿತ್ತು. ಗಾಲಿ ತಾಗಿ ಬಣ್ಣ ಕಿತ್ತುಹೋದ ಕಡೆ ಗ್ರೈಂಡರಿನ ಗೀರುಗಳು ಕಾಣುತ್ತಿದ್ದವು. ಆ ಗೀರುಗಳಿಗೆ ಅಡ್ಡಲಾಗಿ ಬಿರುಕು. ಬಿರುಕಿನಿಂದ ಬ್ರೇಕ್ ಎಣ್ಣೆ ಜಿನುಗಿ, ಬಿಸಿಗೆ ಹೊಗೆಯಾಡುತ್ತಿತ್ತು. ಗ್ರೈಂಡರ್ ಹಿಡಿದ ಕೈ ಯಾವುದೆಂದು ಗೀರಿನ ಓಟ ನೋಡಿಯೇ ಗೊತ್ತಾಯಿತು. ಉಮೇಶ ಎಡಚ.

ಬೆನ್ನ ಹಿಂದೆ ಲಲಿತಾ ಜೀಪಿನವರಿಗೆ ಹೇಳುತ್ತಿದ್ದಳು: "ದೇವ್ರು ದೊಡ್ಡವ್ನು. ನನ್ ತಮ್ಮ ಮೇಲ್ಗಡೆನೇ ಇಳ್ಕಂಡ. ಇಲ್ದಿದ್ರೆ ಅವ್ನಿಗೂ ಆಗ್ತಿತ್ತು."

ನಾನು ಎದ್ದು ನಿಂತೆ. ಕಂಡದ್ದನ್ನು ಆಗ ಅವಳಿಗೆ ಹೇಳಲಿಲ್ಲ.

ಮಾರನೆಯ ದಿನ ಡಾಕ್ಟರು ಶೆಡ್ಡಿಗೆ ಬಂದರು. ಎಳೆದು ತಂದಿದ್ದ ಕಾರಿನ ಗಾಲಿ ಬಿಚ್ಚಿ ಕ್ಯಾಲಿಪರ್ ತೋರಿಸಿದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ತಲೆ ತಗ್ಗಿಸಿದರು.

"ಗೊತ್ತಿತ್ತು ಸರ್. ಕಿಟ್ಟಿನ ಬೋಲ್ಟಿನ ತೂತು ನಮ್ಮ ಕಾರಿಗೆ ಹೊಂದ್ಲಿಲ್ಲ. ಬೇರೆ ತರಿಸೋಕೆ ಟೈಮ್ ಇರ್ಲಿಲ್ಲ, ರೇಸ್ ಹತ್ರ ಬಂದಿತ್ತು. ಉಮೇಶ್ ಅವ್ರು ಉಜ್ಜಿ ಕೊಡ್ತೀನಿ ಅಂದ್ರು. ನಾನು ಹೂಂ ಅಂದೆ."

"ಮತ್ತೆ ಘಾಟಿಗೆ ಯಾಕೆ ಕಳ್ಸಿದ್ರಿ?"

"ನಂಗೂ ಒಳಗೊಳಗೆ ಭಯ ಇತ್ತು ಸರ್. ಅದಕ್ಕೆ ಉಮೇಶ್ ಅವ್ರು ಹೇಳಿದ್ರು, ಭಾವನ ಕೈಲಿ ಒಂದ್ಸಲ ಘಾಟಿ ಇಳಿಸೋಣ, ಅವ್ರು ಸರಿ ಅಂದ್ರೆ ಸರಿ, ಅಂತ."

ಕೆತ್ತಿದವನಿಗೆ ಗೊತ್ತಿತ್ತು, ಕಾರಿನ ಯಜಮಾನನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಅದರಲ್ಲಿ ಕೂತ ನಾವಿಬ್ಬರೇ. ಶೆಡ್ಡು ಹಾಕಿದ ದಿನದಿಂದ ನಾನು ಕಾಪಾಡಿಕೊಂಡು ಬಂದ, ಘಾಟಿ ಇಳಿಸಿದ್ದೇವೆ ಎಂಬ ಒಂದು ಮಾತು ಇತ್ತಲ್ಲ, ಅದನ್ನು ಬಿರುಕಿನ ಮೇಲೆ ಬಣ್ಣದ ಹಾಗೆ ಬಳಿಯಲು ಹೊರಟಿದ್ದರು. ನಾನು ಡಾಕ್ಟರಿಗೆ ಬೈಯಲಿಲ್ಲ. ಹೊಸ ಕ್ಯಾಲಿಪರ್ ತರಿಸಿ, ಅವರ ಹಳೆಯ ಗಾಲಿಗಳನ್ನೇ ಹಾಕಿ ಕಾರು ವಾಪಸ್ ಕೊಟ್ಟೆ. ರೇಸಿನ ಗಾಲಿಗಳನ್ನು ಅವರು ಯಾರಿಗೋ ಮಾರಿದರಂತೆ. ಕೊಂಡವರು ಏನನ್ನು ಉಜ್ಜಿ ಕೂರಿಸಿಕೊಂಡರೋ ತಿಳಿಯದು.

ಉಮೇಶ ಮನೆಗೆ ಬಂದದ್ದು ಅದರ ಮರುದಿನ. ಜಗಲಿಯಲ್ಲಿ ನಿಂತ, ಕೂರಲಿಲ್ಲ. ಲಲಿತಾ ಒಳಗೆ ಮಲಗಿದ್ದಾಳೆಂದು ಇಬ್ಬರೂ ಅಂದುಕೊಂಡಿದ್ದೆವು.

"ತಪ್ಪಾಯ್ತು ಭಾವ. ಎಲ್ಲರೂ ಉಜ್ತಾರೆ, ಏನೂ ಆಗಲ್ಲ ಅಂದ್ಕಂಡೆ."

"ಏನೂ ಆಗಲ್ಲ ಅಂದ್ಕಂಡವ್ನು ಇಳಿದದ್ದು ಯಾಕೆ?"

ನಾನು ಕಾದೆ. ಪೆರೇಡಿನಲ್ಲಿ ಕಲಿತದ್ದು ಅದೊಂದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು.

"ಪೆಡಲ್ ಮೆತ್ತಗಾಗಿದೆ ಅಂತ ನಿಮ್ಮ ಕಾಲು ನೋಡೇ ಗೊತ್ತಾಯ್ತು. ಹೆದರಿಕೆ ಆಯ್ತು ಭಾವ."

"ನಿಂಗೆ ಹೆದರಿಕೆ ಆಯ್ತು, ನೀನು ಇಳಿದೆ. ಸರಿ. ಅಕ್ಕನ್ನ ಯಾಕೆ ಇಳಿಸ್ಲಿಲ್ಲ?"

"ಅಕ್ಕನ್ನ ಇಳ್ಸಿದ್ರೆ ನಿಮಗೆ ಗೊತ್ತಾಗ್ತಿತ್ತು."

ಕೇಳಿದ್ದಕ್ಕೆ ಅವನು ನಿಜ ಹೇಳಿದ, ಅಷ್ಟೆ. ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ನನಗೆ ಕೇಳುವುದು ಇನ್ನೇನೂ ಉಳಿದಿರಲಿಲ್ಲ. ತಲೆಯೆತ್ತಿದರೆ ನಡುಬಾಗಿಲಲ್ಲಿ ಲಲಿತಾ ನಿಂತಿದ್ದಳು. ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಲ್ಲಿ ಆತುಕೊಂಡಿದ್ದಳು. ಅವಳು ತಮ್ಮನನ್ನು ಒಂದು ಸಲ ನೋಡಿ ಒಳಗೆ ಹೋದಳು. ಅವನು "ಅಕ್ಕ" ಎಂದ.

ಶೆಡ್ಡು ಇದ್ದದ್ದು ಅವನ ಮನೆಯವರ ಜಾಗದಲ್ಲಿ. ಬಿಟ್ಟು ಬರಬೇಕಾದವನು ನಾನೇ. ನನ್ನ ಉಪಕರಣಗಳನ್ನು ಒರೆಸಿ, ಎಣ್ಣೆ ಸವರಿ, ಪೆಟ್ಟಿಗೆಗೆ ತುಂಬಿ ಮನೆಗೆ ತಂದೆ. ಆ ಬೇಸಿಗೆಯಿಂದ ಉಮೇಶ ಒಬ್ಬನೇ ಅಲ್ಲಿ ಕೆಲಸ ಮಾಡುತ್ತಿದ್ದಾನೆ. ಗಿರಾಕಿಗಳು ಕಡಿಮೆಯಾಗಿಲ್ಲ. ಭಾವನಿಗೆ ವಯಸ್ಸಾಯಿತು, ಅದಕ್ಕೆ ಬಿಟ್ಟರು ಎಂದು ಕೇಳಿದವರಿಗೆ ಹೇಳುತ್ತಾನಂತೆ. ಘಾಟಿಯಲ್ಲಿ ನಾನೇ ಗಾಬರಿಯಾಗಿ ಚರಂಡಿಗೆ ಇಳಿಸಿದೆ ಎಂದೂ ಕೆಲವರು ನಂಬಿದ್ದಾರೆ. ಪೇಟೆಯಲ್ಲಿ ಒಬ್ಬರು ನನ್ನೆದುರಿಗೇ, "ಕಣ್ಣು ಒಂದ್ಸಲ ತೋರ್ಸ್ಕಳಿ ಮೇಸ್ತ್ರೀ," ಎಂದರು.

ಮಳೆಗಾಲ ಮುಗಿಯುತ್ತ ಬಂದು ಗೌರಿ ಹಬ್ಬ ಬಂತು. ತವರಿನ ಬಾಗಿನ ತರುವುದು ತಮ್ಮನ ಕೆಲಸ. ನಮ್ಮ ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ. ಈ ಸಲ ಬರಲಾರ ಎಂದುಕೊಂಡಿದ್ದೆ. ಬೆಳಿಗ್ಗೆಯೇ ಬಂದ. ಗೇಟಿನ ಹೊರಗೆ ಬೈಕು ನಿಲ್ಲಿಸಿ, ಬಟ್ಟೆ ಮುಚ್ಚಿದ ಮೊರ ಹಿಡಿದು, ಗೇಟು ತೆಗೆಯದೆ ನಿಂತ. ಲಲಿತಾ ಅಡುಗೆಮನೆಯಿಂದ ಬಂದು ಜಗಲಿ ಇಳಿದು ಗೇಟಿನವರೆಗೆ ನಡೆದಳು. ಮಣಿಕಟ್ಟು ಕೂಡಿತ್ತು, ಭಾರ ಹಿಡಿಯಲು ಇನ್ನೂ ಆಗುತ್ತಿರಲಿಲ್ಲ. ಮೊರವನ್ನು ಎಡತೋಳಿನ ಮೇಲೆ ಇಳಿಸಿಕೊಂಡಳು. ಅವನು ಏನೋ ಹೇಳಿದ. ಅವಳು ತಿರುಗಿ ಬಂದಳು.

"ತಗಂಡ್ಯಾ?" ಎಂದೆ. ನನ್ನ ದನಿ ಗಡುಸಾಗಿತ್ತು.

"ಇದು ಅಮ್ಮನ ಮನೇದು," ಎಂದಳು. "ಅವ್ನದ್ದಲ್ಲ."

ಅವಳು ಒಳಗೆ ಹೋದಳು. ಉಮೇಶ ಇನ್ನೂ ಗೇಟಿನ ಆಚೆ ನಿಂತು ನನ್ನನ್ನೇ ನೋಡುತ್ತಿದ್ದ. ಒಂದು ಮಾತು ಅಂದಿದ್ದರೆ ಒಳಗೆ ಬರುತ್ತಿದ್ದ. ನಾನು ಅನ್ನಲಿಲ್ಲ.